ಎರಡು ಬಿಳಿ, ಎರಡು ಕೆಂಪು

ಸುದರ್ಶನರ ಬೆರಳ ತುದಿಯಲ್ಲಿದ್ದ ಅಕ್ಕಿಕಾಳು ತಮ್ಮನ ತುಟಿ ಮುಟ್ಟುವಷ್ಟರಲ್ಲಿ ಚೂಡಾಮಣಿ ಅವರ ಮಣಿಕಟ್ಟು ಹಿಡಿದರು.

“ಬೇಡ ಭಾವ.”

ನಡುಮನೆಯಲ್ಲಿದ್ದ ಇಪ್ಪತ್ತು ಜನ ತಿರುಗಿ ನೋಡಿದರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಈಕೆ ಗಂಡನ ಅಣ್ಣನ ಎದುರು ಕುರ್ಚಿಯ ಮೇಲೆ ಕೂತವರೂ ಅಲ್ಲ.

“ಕೈ ಬಿಡಮ್ಮ. ಒಡಹುಟ್ಟಿದವನು ನಾನು.”

“ಅದಕ್ಕೇ ಬೇಡ ಅಂದಿದ್ದು.”

ಚಾಪೆಯ ಮೇಲೆ ಸುಂದರೇಶ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ಬೆಳಗ್ಗೆ ಐದಕ್ಕೆ ಎದೆನೋವು ಎಂದವರು ಆರಕ್ಕೆ ಇರಲಿಲ್ಲ. ವಯಸ್ಸು ಅರವತ್ತೈದು. ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿ, ಡೆಮಾನ್‌ಸ್ಟ್ರೇಟರ್ ಆಗಿಯೇ ನಿವೃತ್ತರಾದವರು. ಜಯಲಕ್ಷ್ಮಿಪುರಂನ ಆ ಬೀದಿಯಲ್ಲಿ ಅವರನ್ನು ಬಲ್ಲವರಿಗಿಂತ ಅವರ ಸ್ಕೂಟರಿನ ಸದ್ದು ಬಲ್ಲವರೇ ಹೆಚ್ಚು.

“ದುಃಖದಲ್ಲಿದಾಳೆ, ಬಿಡಿ,” ಎಂದರು ಪುರೋಹಿತರು. “ವ್ಯಾನಿನವನು ಆಗಲೇ ಎರಡು ಸಲ ಹಾರ್ನ್ ಹೊಡೆದ.”

“ದುಃಖ ಅಲ್ಲ ಸ್ವಾಮಿ,” ಎಂದರು ಚೂಡಾಮಣಿ. ಮಣಿಕಟ್ಟು ಬಿಡಲಿಲ್ಲ.

ಮಗಳು ಮಾಲವಿಕಾ ಅಪ್ಪನ ಕಾಲ ಬಳಿ ಕೂತಿದ್ದಳು. ಅಮ್ಮನನ್ನು ತಡೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ.

*

೧೯೮೧ರಲ್ಲಿ ಅಣ್ಣತಮ್ಮಂದಿರಿಬ್ಬರೂ ಒಂದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಸರ್ಕಾರದ ಖರ್ಚಿನಲ್ಲಿ ವಿಮಾನ ಹಾರಿಸುವ ತರಬೇತಿ. ಉಳಿದದ್ದು ಒಂದೇ ಜಾಗ.

ಸುಂದರೇಶನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಹಾಳೆಗಳನ್ನು ತೋರಿಸಿ ಕಣ್ಣು ಪರೀಕ್ಷಿಸುತ್ತಾರೆಂದು ತಿಳಿದು, ಅವನು ಅಂಥದೇ ಪುಸ್ತಕ ಹುಡುಕಿ ಇಪ್ಪತ್ತನಾಲ್ಕು ಹಾಳೆಗಳ ಉತ್ತರವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದ. ರೈಲಿನಲ್ಲಿ ನಗುತ್ತ ಅಣ್ಣನಿಗೊಬ್ಬನಿಗೇ ಹೇಳಿದ್ದ: “ಹನ್ನೆರಡು, ಎಂಟು, ಆರು, ಇಪ್ಪತ್ತೊಂಬತ್ತು... ಕಣ್ಣು ಮುಚ್ಚಿಕೊಂಡೂ ಹೇಳ್ತೀನಿ ಕಣೋ.”

ಒಂದೂ ತಪ್ಪಿಲ್ಲದೆ ಹೇಳಿದ. ಮುಂದಿನ ಸರದಿ ಅಣ್ಣನದು. ಅವನು ಒಳಗೆ ಹೋಗಿ ಐದು ನಿಮಿಷವಾದ ಮೇಲೆ ವೈದ್ಯರು ಸುಂದರೇಶನನ್ನು ಮತ್ತೆ ಕರೆಸಿದರು. ಈ ಸಲ ಪುಸ್ತಕವನ್ನು ಹಿಂದಿನಿಂದ ತೆರೆದರು.

ಆ ಜಾಗ ಸುದರ್ಶನನಿಗೆ ಸಿಕ್ಕಿತು. ಆಮೇಲೆ ಪ್ರತಿ ಮದುವೆ, ಮುಂಜಿಯಲ್ಲಿ ಊಟದ ಪಂಕ್ತಿಗೆ ತಮ್ಮನ ಕಣ್ಣು ನಗೆಯ ಸರಕಾಯಿತು. ಮಾಲವಿಕಾಳ ಮದುವೆಯಲ್ಲೂ ಕ್ಯಾಪ್ಟನ್ ಸುದರ್ಶನ ಎಲೆಯ ಮೇಲಿನ ಚಟ್ನಿ ತೋರಿಸಿ ಕೇಳಿದ್ದರು: “ಇದು ಕೊತ್ತಂಬರಿದೋ, ಮೆಣಸಿನಕಾಯಿದೋ, ಹೇಳು ಸುಂದ್ರು.” ಎಲ್ಲರೂ ನಕ್ಕರು. ಹೆಣ್ಣಿನ ತಂದೆಯೂ ನಕ್ಕರು.

*

“ನಾನು ಮಾಡಿದ್ದರಲ್ಲಿ ತಪ್ಪೇನಿದೆ?” ಸುದರ್ಶನರ ದನಿ ಏರಿತು. “ಬಣ್ಣ ಕಾಣದವನ ಕೈಗೆ ನೂರಾರು ಜನರ ಪ್ರಾಣ ಕೊಡಬೇಕಿತ್ತಾ? ಅವನ ಪ್ರಾಣಾನೂ ಉಳಿಸ್ದೆ ನಾನು.”

“ಹೇಳಿದ್ದು ತಪ್ಪಲ್ಲ ಭಾವ. ಹೇಳಿ, ಅದೇ ಜಾಗದಲ್ಲಿ ಹೋಗಿ ಕೂತ್ರಲ್ಲ. ಕೂತ ಮೇಲಾದ್ರೂ ಸುಮ್ಮನಿದ್ರಾ?”

“ಈಗ ಏನು ಮಾಡು ಅಂತೀಯ? ಹೆಣದ ಕಾಲಿಗೆ ಬೀಳಲಾ?”

ಚೂಡಾಮಣಿ ಕೈ ಬಿಟ್ಟರು.

“ಬೀಳೋದು ಬೇಡ. ಒಳಗೆ ಅವರ ಕಂಪ್ಯೂಟರ್ ಇದೆ, ವಿಮಾನ ಹಾರಿಸೋ ಆಟದ್ದು. ಮೂರು ದಸರಾ ಕರೆದ್ರು ನಿಮ್ಮನ್ನ, ಒಂದ್ಸಲ ಕೂತು ನೋಡು ಅಣ್ಣ ಅಂತ. ಆಟದ ಸಾಮಾನಿಗೆಲ್ಲ ಪುರುಸೊತ್ತಿಲ್ಲ ಅಂದ್ರಿ. ಈಗ ಕೂತ್ಕೊಳ್ಳಿ. ಅವರು ಇಳಿಸ್ತಿದ್ದ ಹಾಗೇ ಒಂದು ವಿಮಾನ ಇಳಿಸಿ ಬನ್ನಿ. ಆಮೇಲೆ ಅಕ್ಕಿ ಹಾಕಿ.”

“ಹೆಣ ಇಟ್ಕೊಂಡು ಆಟ ಆಡು ಅಂತೀಯೇನಮ್ಮ?” ಎಂದರು ಪುರೋಹಿತರು.

“ಕ್ಯಾಪ್ಟನ್‌ಗೆ ಎಷ್ಟು ಹೊತ್ತಿನ ಕೆಲಸ? ಮೂರು ನಿಮಿಷ.”

ಸುದರ್ಶನರು ಸುತ್ತ ನೋಡಿದರು. ಹಿಂದೆ ಪಂಕ್ತಿಯಲ್ಲಿ ನಕ್ಕವರೆಲ್ಲ ಅಲ್ಲೇ ಇದ್ದರು. ಕ್ಯಾಪ್ಟನ್ ಅಕ್ಕಿಕಾಳನ್ನು ತಟ್ಟೆಗೆ ಹಾಕಿದರು.

“ನಲವತ್ತು ವರ್ಷ ಹಾರಿಸಿದೀನಿ ಕಣಮ್ಮ,” ಎಂದು ಎದ್ದರು.

ಮಾಲವಿಕಾ ಅಮ್ಮನ ಮುಖ ನೋಡಿದಳು. ಅಮ್ಮನಿಗೆ ಎಲ್ಲ ಗೊತ್ತು.

*

ಅದು ಮಾಲವಿಕಾ ಓದುವಾಗ ಕೊಂಡ ಕಂಪ್ಯೂಟರ್. ನಾಲ್ಕು ವರ್ಷದ ಹಿಂದೆ ಸುಂದರೇಶ ಅದನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬನ್ನಿಮಂಟಪದ ಚಂದ್ರುವಿನ ರಿಪೇರಿ ಅಂಗಡಿಗೆ ಒಯ್ದಿದ್ದರು.

“ವಿಮಾನದ ಆಟ ಇದ್ರಲ್ಲಿ ಓಡಲ್ಲ ಬುಡಿ ಸಾ. ಹೊಸದೇ ತಗಳ್ಳಿ.”

“ಹೊಸದು ಬೇಡ. ಒಂದೊಂದೇ ಬದಲಾಯಿಸೋಣ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.”

ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರು. ಆಟ ತೆರೆಯಲು ಹನ್ನೊಂದು ನಿಮಿಷ ಬೇಕಾಗಿದ್ದುದು ಎರಡಕ್ಕೆ ಇಳಿಯಿತು. ಆದರೆ ಹಾರುವಾಗಿನ ತಡವರಿಕೆ ಹಾಗೇ ಇತ್ತು. ರ್‍ಯಾಮ್ ಎರಡರಷ್ಟು ಮಾಡಿದರು. ಅದೇ ಬೋರ್ಡಿಗೆ ಕೂರುವ, ಹಳೆಯದಾದರೂ ವೇಗದ ಪ್ರೊಸೆಸರ್ ಹುಡುಕಿಸಿದರು. ಪ್ರತಿ ಸಲವೂ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆದರು. ಒಂಬತ್ತು, ಹನ್ನೊಂದು, ಹದಿನಾರು. ಕೊನೆಗೆ ಮುಚ್ಚಿಹೋದ ಸೈಬರ್ ಸೆಂಟರಿನ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತು. ಪೆಟ್ಟಿಗೆಗಿಂತ ಒಂದು ಅಂಗುಲ ಉದ್ದ. ಸುಂದರೇಶ ಹ್ಯಾಕ್ಸಾ ಗರಗಸ ಹಿಡಿದು ಒಳಗಿನ ತಗಡನ್ನು ತಾವೇ ಕೊಯ್ದರು. ಪವರ್ ಸಪ್ಲೈ ಒಂದು ಮಾತ್ರ ಹೊಸದು.

“ಆ ಕೆಂಪು ವೈರ್ ಕೊಡಿ ಸಾ.”

“ಬಣ್ಣ ಹೇಳಬೇಡ. ಎಷ್ಟನೇದು ಅಂತ ಹೇಳು.”

ಮೂವತ್ತನಾಲ್ಕು ಚಿತ್ರ. ಊರಿನ ವಿಮಾನ ನಿಲ್ದಾಣ, ಮಂಡಕಳ್ಳಿಯ ರನ್‌ವೇ ಪರದೆಯ ಮೇಲೆ ಮೊದಲ ಸಲ ನಡುಗದೆ ನಿಂತಿತು. ಅದರ ಪಕ್ಕದಲ್ಲಿ ನಾಲ್ಕು ದೀಪ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನದ ಎತ್ತರ ಸರಿಯಿದೆ. ನಾಲ್ಕೂ ಕೆಂಪಾದರೆ ನೆಲಕ್ಕೆ ಬಡಿಯುತ್ತದೆ. ಹಳೆಯ ಕಾರ್ಡಿನಲ್ಲಿ ನಾಲ್ಕೂ ಸೇರಿ ಒಂದು ಗೆರೆಯಾಗುತ್ತಿದ್ದವು. ಈಗ ಬಿಡಿಬಿಡಿಯಾಗಿ ಕಂಡವು.

ಸುಂದರೇಶ ಸೆಟ್ಟಿಂಗ್ ತೆರೆದು ಬಣ್ಣವನ್ನು ಸೊನ್ನೆಗೆ ಇಳಿಸಿದರು. ಪರದೆಯೆಲ್ಲ ಬೂದುಬಣ್ಣಕ್ಕೆ ತಿರುಗಿತು.

“ಇದ್ಯಾಕ್ ಸಾ? ಇಷ್ಟು ಒದ್ದಾಡಿ, ಹಳೇ ಟೀವಿ ತರ ಮಾಡ್ಬುಟ್ರಲ್ಲ?”

“ಬಣ್ಣ ನನಗೆ ಸುಳ್ಳು ಹೇಳುತ್ತೆ ಚಂದ್ರು. ಬೆಳಕು ಹೇಳಲ್ಲ. ಕೆಂಪು ಅನ್ನೋದು ಒಂದು ಚೂರು ಮಂಕು, ಅಷ್ಟೇ. ಕಲೀಬೇಕು.” ಪರದೆಯಿಂದ ಕಣ್ಣು ತೆಗೆಯದೆ, ಅದೇ ದನಿಯಲ್ಲಿ ಹೇಳಿದರು: “ಒಂದು ದಿನ ನಮ್ಮಣ್ಣನ್ನ ಇದರ ಮುಂದೆ ಕೂರಿಸ್ತೀನಿ.”

ಕಲಿಯಲು ಎಂಟು ತಿಂಗಳು ಹಿಡಿಯಿತು. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಚೂಡಾಮಣಿ ನೂರಾರು ಸಲ ವಿಮಾನ ನೆಲಕ್ಕೆ ಬಡಿದದ್ದನ್ನು ನೋಡಿದರು. ಆಮೇಲೆ ಅದು ಬಡಿಯಲಿಲ್ಲ.

*

“ಇದೇನು, ಡಬ್ಬ!” ಎಂದರು ಸುದರ್ಶನ, ಕೊಯ್ದ ತಗಡು ನೋಡಿ. ಪಂಚೆ ಸರಿಮಾಡಿಕೊಂಡು ಕೂತರು. ನೆಂಟರು ಬಾಗಿಲಿಗೆ ಮುತ್ತಿಕೊಂಡರು. ಚಂದ್ರು ಗೋಡೆಗೆ ಒರಗಿ ನಿಂತ.

ಮಾಲವಿಕಾ ಅಪ್ಪ ಉಳಿಸಿಟ್ಟಿದ್ದ ಹಾರಾಟ ತೆರೆದಳು. ಸಂಜೆಗತ್ತಲು, ಮೋಡ, ಎದುರಿಗೆ ಮಂಡಕಳ್ಳಿ.

“ಎತ್ತರ ತೋರಿಸೋ ಮುಳ್ಳು ಕೆಟ್ಟಿದೆ ಅಂತ ಇಟ್ಟಿದಾರೆ ದೊಡ್ಡಪ್ಪ. ದೀಪ ನೋಡಿಯೇ ಇಳಿಸ್ಬೇಕು.”

“ದೀಪ ಸಾಕು ನನಗೆ.” ಜಾಯ್‌ಸ್ಟಿಕ್ ಹಿಡಿದ ಕೈ ನುರಿತ ಕೈ. ವಿಮಾನ ಗೆರೆ ಎಳೆದಂತೆ ರನ್‌ವೇಯತ್ತ ತಿರುಗಿತು. ಬಾಗಿಲಲ್ಲಿ ಯಾರೋ ತಲೆದೂಗಿ ಮೆಚ್ಚಿದರು.

ದೀಪಗಳು ಕಂಡವು. ಸುದರ್ಶನರು ಕನ್ನಡಕ ಏರಿಸಿಕೊಂಡರು.

“ಬಣ್ಣ ಎಲ್ಲಮ್ಮ?”

“ಇಲ್ಲ.”

“ಹಾಕು.”

“ಅಪ್ಪ ಇಳಿಸ್ತಿದ್ದಿದ್ದು ಹೀಗೇ.”

ಅವರು ತಿರುಗಿ ಬಾಗಿಲ ಕಡೆ ನೋಡಿದರು. ಚೂಡಾಮಣಿ ಎಲ್ಲರಿಗಿಂತ ಮುಂದೆ ನಿಂತಿದ್ದರು.

“ಇದರಲ್ಲಿ ಯಾವನಿಗೂ ಇಳಿಸಕ್ಕಾಗಲ್ಲ!”

“ಮೇಷ್ಟ್ರು ದಿನಾ ಇಳಿಸೋರು ಸಾ,” ಎಂದ ಚಂದ್ರು. “ಕಾಪಿ ಕುಡ್ಕಂಡು.”

ಯಾರೂ ನಗಲಿಲ್ಲ. ಹೊರಗೆ ವ್ಯಾನ್ ಮತ್ತೆ ಹಾರ್ನ್ ಹೊಡೆಯಿತು. ರನ್‌ವೇ ಅಗಲವಾಗುತ್ತಿತ್ತು. ಸುದರ್ಶನರು ವಿಮಾನವನ್ನು ಸ್ವಲ್ಪ ಏರಿಸಿದರು, ಮತ್ತೆ ಇಳಿಸಿದರು.

“ಕೆಂಪು ಯಾವುದು ಮಾಲು?” ಈ ಸಲ ದನಿ ಮೆತ್ತಗಿತ್ತು. “ಅದೊಂದು ಹೇಳು ಸಾಕು.”

ಮಾಲವಿಕಾ ಹೇಳಲಿಲ್ಲ. ಚೂಡಾಮಣಿಯೂ ಹೇಳಲಿಲ್ಲ.

ಸುದರ್ಶನರು ಮೂಗು ತಾಗುವಷ್ಟು ಮುಂದಕ್ಕೆ ಬಾಗಿ, ಎಡಗೈಯ ತೋರುಬೆರಳನ್ನು ಪರದೆಯ ಮೇಲಿಟ್ಟರು. ಬೆರಳು ಮೊದಲನೆಯ ಬೂದು ಚುಕ್ಕಿಯಿಂದ ಎರಡನೆಯದಕ್ಕೆ ಹೋಯಿತು, ಎರಡನೆಯದರಿಂದ ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಎಲ್ಲೂ ನಿಲ್ಲದೆ ಹಿಂದಿರುಗಿತು. ಅದರ ಅಡಿಯಿಂದ ನೆಲ ಮೇಲೇರಿ ಬರುತ್ತಿತ್ತು.