ಮಾವನ ಜೀಪಿನ ಎಂಜಿನ್

ಹೆಂಡತಿ ಅನುಷಾಳ ತಿಥಿ ಮುಗಿದ ಮಾರನೆಯ ಬೆಳಿಗ್ಗೆಯೇ ಬಡವನಹಳ್ಳಿಯ ಮೆಕ್ಯಾನಿಕ್ ನರಸಿಂಹರಾಜು ಮಾವನ ಡೀಸೆಲ್ ಜೀಪಿನ ಎಂಜಿನ್ ಇಳಿಸಿದ. ಹೆರಿಗೆ ನೋವೆದ್ದ ಮಗಳನ್ನು ಮಾವ ಮಧುಗಿರಿ ಆಸ್ಪತ್ರೆಗೆ ಕರೆದೊಯ್ಯುವಾಗ ಅದು ನಡುದಾರಿಯಲ್ಲಿ ನಿಂತುಹೋಗಿತ್ತು. ಬೇರೆ ಗಾಡಿ ಸಿಗುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ. ಆಯಿಲ್ ನೋಡದೆ ಓಡಿಸಿ ಮಾವನೇ ಎಂಜಿನ್ ಸುಟ್ಟಿದ್ದಾನೆಂದು ನರಸಿಂಹರಾಜುವಿಗೆ ಖಾತ್ರಿಯಾಗಿತ್ತು. ಅಂದಿನಿಂದ ಮುದುಕನೊಡನೆ ಮಾತು ಬಿಟ್ಟಿದ್ದ.

ಮಾವ ದೊಡ್ಡರಂಗಯ್ಯ ಶೆಡ್ಡಿನ ಬಾಗಿಲಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದ.

ತಳದ ಬೋಲ್ಟ್ ಸಡಿಲಿಸುತ್ತಿದ್ದಂತೆ ಆಯಿಲ್ ಧಾರೆಯಾಗಿ ಸುರಿಯಿತು. ತೊಟ್ಟೂ ಕಡಿಮೆಯಾಗಿರಲಿಲ್ಲ. ನರಸಿಂಹರಾಜುವಿನ ಕೈ ಗಕ್ಕನೆ ನಿಂತಿತು. ತಳದ ಆಯಿಲ್ ಚೇಂಬರ್ ಬಿಚ್ಚಿ ನೋಡಿದರೆ ಬೇರಿಂಗುಗಳು ಕರಗಿ ಕ್ರ್ಯಾಂಕ್ ದಂಡಕ್ಕೆ ಮೆತ್ತಿಕೊಂಡಿದ್ದವು. ಇನ್ನೂ ಒಳಗೆ, ಆಯಿಲ್ ಪಂಪಿನ ಶಾಫ್ಟ್ ಎರಡು ತುಂಡಾಗಿತ್ತು. ಆಯಿಲ್ ಇದ್ದರೂ ಬೇರಿಂಗುಗಳಿಗೆ ಏರಿರಲಿಲ್ಲ. ಶಾಫ್ಟ್ ಮುರಿದದ್ದು ಒಳಗೊಳಗೇ ಬಿಟ್ಟ ಬಿರುಕಿನಿಂದ, ಹೊರಗಿನಿಂದ ಯಾರಿಗೂ ಕಾಣುವಂಥದ್ದಲ್ಲ.

“ಆಯಿಲ್ ನೋಡಿದ್ನೋ ಇಲ್ವೋ, ನೆಪ್ಪೇ ಬರ್ತಿಲ್ಲ ಕಣಪ್ಪ,” ಎಂದ ದೊಡ್ಡರಂಗಯ್ಯ. “ನಾನೇ ನನ್ ಮಗಳನ್ನ ಕೊಂದ್ಬುಟ್ನಾ? ಇದ್ದದ್ದು ಇದ್ದಂಗೆ ಹೇಳ್ಬುಡು.”

ಹೌದು ಎಂಬ ಮಾತು ನರಸಿಂಹರಾಜುವಿನ ನಾಲಿಗೆಯ ತುದಿಗೇ ಬಂದಿತ್ತು. ಇಷ್ಟು ದಿನ ಅವನನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದ್ದು ಮಾವನ ಮೇಲಿನ ಆ ಸಿಟ್ಟೊಂದೇ.

“ಇಲ್ಲ ಮಾವ. ಆಯಿಲ್ ತುಂಬೈತೆ. ಒಳಗೆ ಪಂಪೇ ಮುರ್ದೋಗೈತೆ. ನಿಮ್ದೇನೂ ತಪ್ಪಿಲ್ಲ.”

ಮುದುಕ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನರಸಿಂಹರಾಜು ಆಯಿಲ್ ಮೆತ್ತಿದ ಕೈಯಲ್ಲೇ ಹೋಗಿ ಅವನ ಪಕ್ಕದಲ್ಲಿ ಕುಸಿದು ಕೂತ. ಇನ್ನು ತಪ್ಪು ಹೊರಿಸಲು ಯಾರೂ ಉಳಿದಿರಲಿಲ್ಲ. ಅನುಷಾ ಸತ್ತ ಮೇಲೆ ಮೊದಲ ಸಲ ಅವನು ಬಿಕ್ಕಿ ಬಿಕ್ಕಿ ಅತ್ತ.