ಎಡಗೆನ್ನೆಯ ಶಾಖ

ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಯಜಮಾನರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಅವನು ಗರಿಗರಿ. ಅವನ ಕೈಯಿಂದ ಹೊರಬಂದ ಅಂಗಿಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಹೊಗಳುವವರಿದ್ದರು. ಒಂದು ಮಾತು ಅಂದರೆ ಸಾಕು, ಅವನೂ ಹಾಗೇ ಸೆಟೆದುಕೊಳ್ಳುತ್ತಾನೆ ಎಂದು ಬೆನ್ನ ಹಿಂದೆ ನಗುವವರೂ ಇದ್ದರು. ಎರಡೂ ನಿಜ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಅದು ಕೂಗಾಡುವ ಕೋಪವಲ್ಲ. ನೀನು ಮಾಡಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ತುಟಿ ಪಿಟಕ್ಕೆನ್ನದೆ ಎದ್ದು ಹೋಗಿಬಿಡುತ್ತಿದ್ದ. ಮನೆಯಲ್ಲಾದರೆ ಅಂಗಡಿಗೆ, ಅಂಗಡಿಯಲ್ಲಾದರೆ ಹಿಂದಿನ ಬಾಯ್ಲರ್ ಕೋಣೆಗೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಾಳೆ ಅಂದರೆ ಅದರಲ್ಲಿ ಉಪ್ಪುಖಾರ ಏನೂ ಸೇರಿಲ್ಲ.

ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಪಾರ್ಸೆಲ್ ತೂಗುವವಳು. ಸಣ್ಣಕ್ಷರದಲ್ಲಿ ಏನೇ ಬರೆದಿರಲಿ, ಓದದೆ ಬಿಡುವವಳಲ್ಲ. ಔಷಧಿ ಡಬ್ಬಿಯೊಳಗಿನ ಎಂಟು ಮಡಿಕೆಯ ಕಾಗದವನ್ನೂ ಬಿಡಿಸಿ, ಓದಿ, ಮತ್ತೆ ಅದೇ ಎಂಟು ಮಡಿಕೆಗೆ ತಂದು ಒಳಗಿಡುವಂಥವಳು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಯಾವ ಗುಳಿಗೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಅವಳ ತಲೆಯಲ್ಲೇ. ಅಂಥವಳಿಗೆ ಏಳು ವರ್ಷದ ಹಿಂದೆ ಮೇಲಿನ ಸಾಲಿನ ಎಡಗಡೆ ಎರಡು ಹಲ್ಲು ಹುಳುಕಾಗಿ ಕೀಳಿಸಬೇಕಾಗಿ ಬಂತು. ಅಲ್ಲಿಂದೀಚೆಗೆ ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಒಂದು ಕೈಯಲ್ಲಿ ಮುದ್ರೆ ಒತ್ತುತ್ತ, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡೇ ಜನರೊಂದಿಗೆ ಮಾತಾಡುತ್ತಿದ್ದಳು. ಕೊನೆಗೆ ಮಗಳು ಪಟ್ಟು ಹಿಡಿದು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ದವಡೆಯ ಮೂಳೆಗೆ ತಿರುಪುಮೊಳೆಯಂಥ ಎರಡು ಪುಟ್ಟ ಇಂಪ್ಲಾಂಟ್ ಕೂರಿಸುವುದು, ಅವು ಮೂಳೆಯೊಂದಿಗೆ ಬೆಸೆದುಕೊಂಡ ಮೇಲೆ, ನಾಲ್ಕೈದು ತಿಂಗಳಿಗೆ, ಹಲ್ಲು ಕಟ್ಟುವುದು ಎಂದು ತೀರ್ಮಾನವಾಯಿತು.

ಆಪರೇಷನ್ ಆದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ಮಗಳು ಕ್ಷಣವೂ ಯೋಚಿಸಲಿಲ್ಲ. ಅವಳು ಊರಿನ ಇನ್ನೊಂದು ತುದಿಯಲ್ಲಿ ನರ್ಸರಿ ಶಾಲೆಯ ಟೀಚರು. ಮೂರು ವರ್ಷದ ಮಕ್ಕಳೊಂದಿಗೆ ಮಾತಾಡುವ ದನಿಯಲ್ಲೇ ಅಪ್ಪನೊಂದಿಗೂ ಮಾತಾಡುತ್ತಿದ್ದಳು. ಅಮ್ಮ ಒಂದು ವಾರ ತನ್ನ ಮನೆಗೆ ಬರಲಿ, ಥರ್ಮಾಮೀಟರ್ ಯಾವ ಡ್ರಾಯರಿನಲ್ಲಿದೆ ಎಂಬುದೂ ಅಪ್ಪನಿಗೆ ಗೊತ್ತಿಲ್ಲ ಎಂದಳು. ಗರಿಗರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದಕ್ಕೇ ಇನ್ನೂ ಉರಿಯಿತು. ಎಂದಿನಂತೆ ಕುರ್ಚಿಯಿಂದ ಅರ್ಧ ಎದ್ದಿದ್ದ, ಅಷ್ಟರಲ್ಲಿ ಹೆಂಡತಿ ಬಾಯಿ ಬಿಟ್ಟಳು.

"ನಾನೆಲ್ಲೂ ಬರಲ್ಲ ಕಣೇ. ಇವರಿದ್ದಾರಲ್ಲ, ನೋಡ್ಕೋತಾರೆ."

ಅರ್ಧ ಎದ್ದವನು ಹಾಗೇ ಕೂತ. ಅವನ ಬಗ್ಗೆ ಇಂಥ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ. ಮಾರನೆಯ ದಿನ ಅಂಗಡಿಗೆ ಹೋಗಿ ನಾಲ್ಕು ದಿನ ರಜೆ ಬೇಕೆಂದು ಕೇಳಿದಾಗ ಯಜಮಾನರು ಗಾಬರಿಯಿಂದ ಮನೆಯಲ್ಲಿ ಎಲ್ಲ ಕ್ಷೇಮ ತಾನೇ ಎಂದು ವಿಚಾರಿಸಿದರು. ಗರಿಗರಿ ಎದೆ ಉಬ್ಬಿಸಿ ಹೆಂಡತಿಯನ್ನು ನೋಡಿಕೊಳ್ಳಬೇಕು ಅಂದ. ಒಳಗೊಳಗೆ ಮಾತ್ರ ಅಳುಕು. ಈ ನಾಲ್ಕು ದಿನ ಅವಳನ್ನು ಸರಿಯಾಗಿ ನೋಡಿಕೊಂಡರೆ ಆ ಮಾತು ಉಳಿಯುತ್ತದೆ, ಎಡವಿದರೆ ಇನ್ನು ಜನ್ಮದಲ್ಲಿ ಅದನ್ನು ಕೇಳುವ ಯೋಗವಿಲ್ಲ ಎಂದು ಅವನಿಗೆ ಖಚಿತವಾಗಿತ್ತು.

ಮಂಗಳವಾರ ಬೆಳಗ್ಗೆ ಆಪರೇಷನ್ ಆಯಿತು. ಹೆಂಡತಿ ಬಾಯಲ್ಲಿ ಹತ್ತಿಬಟ್ಟೆ ಕಚ್ಚಿಕೊಂಡು, ಗೋಡೆ ಹಿಡಿದು ಹೊರಗೆ ಬಂದಳು. ನರ್ಸು ಅವನ ಎದುರು ನಿಂತು ಪಟಪಟನೆ ಏನೇನೋ ಹೇಳುತ್ತಿದ್ದಳು: ಎರಡು ದಿನ ಮಾತು ಕಡಿಮೆ, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು, ಬಿಸಿಯದ್ದು ಕುಡಿಯಬಾರದು, ಕೆನ್ನೆಗೆ ಮಂಜುಗಡ್ಡೆ ಹಿಡಿಯಬೇಕು, ತಲೆ ಎತ್ತರದಲ್ಲಿಟ್ಟು ಮಲಗಬೇಕು. ಗರಿಗರಿಯ ಕಣ್ಣು ಹೆಂಡತಿಯ ಮೇಲಿತ್ತು. ಕಿವಿಗೆ ಬಿದ್ದದ್ದು ಅರ್ಧ, ಗಾಳಿಗೆ ಹೋದದ್ದು ಅರ್ಧ. ಕೊನೆಗೆ ನರ್ಸು ಎಲ್ಲ ಇದರಲ್ಲಿದೆ ಎಂದು ಅಚ್ಚು ಹಾಕಿದ ಚೀಟಿಯೊಂದನ್ನು ಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳು ಎಳೆದು, ಜೇಬಿಗಿಳಿಸಿದ.

ಮನೆಯಲ್ಲಿ ಮೊದಮೊದಲು ಎಲ್ಲ ಸಾಂಗವಾಗಿ ನಡೆಯಿತು. ಮೂರು ದಿಂಬು ಒಟ್ಟಿ ಅವಳನ್ನು ಒರಗಿಸಿದ. ತಣ್ಣಗಿನ ಮೊಸರನ್ನು ಚಮಚದಲ್ಲಿ ಕೊಟ್ಟ. ಮಾತಿನ ಬದಲು ಬರೆಯಲು ಒಂದು ನೋಟ್‌ಬುಕ್ ಕೊಟ್ಟ. ಅವಳು ಮೊದಲ ಪುಟದಲ್ಲೇ ಗುಳಿಗೆಗಳ ಹೊತ್ತು ಬರೆದು ಅವನ ಕೈಗಿತ್ತಳು. ಕಷ್ಟವಾದದ್ದು ಮಂಜುಗಡ್ಡೆಯದು. ಟವೆಲಿನಲ್ಲಿ ಸುತ್ತಿ ಎಡಗೆನ್ನೆಗೆ ಇಟ್ಟಾಗಲೆಲ್ಲ ಅವಳು ಹೆಗಲು ಮುದುಡಿಕೊಳ್ಳುತ್ತಿದ್ದಳು, ಕಣ್ಣಂಚಿನಲ್ಲಿ ನೀರು ಬರುತ್ತಿತ್ತು. ಅದನ್ನು ನೋಡಿ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಮೂವತ್ತು ವರ್ಷ ಹಬೆಯಲ್ಲಿ ಬೆಂದ ಮನುಷ್ಯ ಅವನು. ಸುಕ್ಕಾಗಲಿ, ಬಟ್ಟೆಗಂಟಿದ ಮೇಣವಾಗಲಿ, ಮಂಡಿನೋವಾಗಲಿ, ಮಗಳು ಕೂಸಾಗಿದ್ದಾಗಿನ ಹೊಟ್ಟೆನೋವಾಗಲಿ, ಎಲ್ಲಕ್ಕೂ ಅವನಿಗೆ ತಿಳಿದ ಮದ್ದು ಬಿಸಿಯೊಂದೇ. ನೊಂದ ಜಾಗಕ್ಕೆ ಮಂಜುಗಡ್ಡೆ ಒತ್ತುವುದು ಯಾವ ಸೀಮೆಯ ವೈದ್ಯ ಎಂದು ಮನಸ್ಸಿನಲ್ಲೇ ಗೊಣಗಿಕೊಂಡ.

ಸಂಜೆ ಆರರ ಹೊತ್ತಿಗೆ ಚೀಟಿ ತೆಗೆದ. ಇಲ್ಲೇ ಅವನ ಕಸುಬು ಅವನಿಗೆ ಕೈಕೊಟ್ಟದ್ದು. ಬಟ್ಟೆಗಳ ಒಳಗೆ ಹೊಲಿದಿರುವ ಲೇಬಲ್ಲಿನಲ್ಲಿ ಚಿತ್ರಗಳ ಸಾಲೊಂದಿರುತ್ತದೆ: ನೀರಿನ ಬೋಗುಣಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ. ಬೋಗುಣಿ ತೊಳೆಯುವವರಿಗೆ, ಚೌಕ ಒಣಗಿಸುವವರಿಗೆ. ಗರಿಗರಿ ಹುಡುಕುವುದು ಇಸ್ತ್ರಿಪೆಟ್ಟಿಗೆಯನ್ನು ಮಾತ್ರ. ಅದರೊಳಗೆ ಒಂದು ಚುಕ್ಕೆಯಿದ್ದರೆ ಸಣ್ಣ ಬಿಸಿ, ಎರಡಿದ್ದರೆ ಮಧ್ಯಮ, ಮೂರಿದ್ದರೆ ಜೋರು. ಮಿಕ್ಕದ್ದು ಬೇರೆಯವರ ಕೆಲಸ, ಅದನ್ನು ಓದಿ ಹೊತ್ತು ಕಳೆಯುವವನು ಒಳ್ಳೆಯ ಕೆಲಸಗಾರನಲ್ಲ ಎಂದೇ ಅವನ ನಂಬಿಕೆ. ಅದೇ ಕಣ್ಣು ಡಾಕ್ಟರ ಚೀಟಿಯ ಮೇಲಿಂದ ಸರ್ರನೆ ಜಾರಿ, ಕೆಳಗಿನ ಸಾಲಿನಲ್ಲಿ ನಿಂತಿತು: ಊತ ಇಳಿಯಲು ಒದ್ದೆ ಬಟ್ಟೆಯಿಂದ ಹಿತವಾದ ಶಾಖ ಕೊಡಿ. ಹಿತವಾದ ಶಾಖ ಅಂದರೆ ಒಂದು ಚುಕ್ಕೆ. ನಾನು ಹೇಳಲಿಲ್ಲವೇ ಎಂದು ತನಗೆ ತಾನೇ ಭೇಷ್ ಅಂದುಕೊಂಡ.

ಹೆಂಡತಿ ಗುಳಿಗೆ ನುಂಗಿ ಕಣ್ಣು ಮುಚ್ಚಿದ್ದಳು. ಅವನು ಮೆತ್ತನೆಯ ಹತ್ತಿಯ ಕರವಸ್ತ್ರವನ್ನು ಒದ್ದೆ ಮಾಡಿ, ನಾಲ್ಕು ಮಡಿಕೆ ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಎರಡು ಸಲ ಆಡಿಸಿ, ತನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಆಮೇಲೆ ಅವಳ ಎಡಗೆನ್ನೆಗೆ ಇಟ್ಟ. ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಹಗಲಿಡೀ ಮುಷ್ಟಿ ಕಟ್ಟಿದ್ದ ಬೆರಳುಗಳು ಸಡಿಲವಾದವು. ಆ ನಿರಾಳವನ್ನು ನೋಡಿ ಅವನಿಗೆ ಕೋಡು ಮೂಡಿದಂತಾಯಿತು. ನಿಂತೇ ದುಡಿದು, ನಿಂತೇ ಚಹಾ ಕುಡಿದು ರೂಢಿಯಿದ್ದ ಗರಿಗರಿ ಅಂದು ಸ್ಟೂಲೊಂದನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಒಂದೂವರೆ ಗಂಟೆ ಕೂತ. ಬಟ್ಟೆ ಆರಿದಾಗ ಮತ್ತೆ ಬಿಸಿ ಮಾಡಿ ತಂದ, ಕೆನ್ನೆಯ ಮೇಲೆ ಅಂಗೈ ಆನಿಸಿ ಹಿಡಿದ. ಇಷ್ಟು ಹೊತ್ತು ಅವಳ ಮುಖವನ್ನು ನೋಡುತ್ತ ಕೂತದ್ದು ಯಾವ ಕಾಲದಲ್ಲೋ ಅವನಿಗೇ ನೆನಪಾಗಲಿಲ್ಲ. ಕಿವಿಯ ಹತ್ತಿರದ ಕೂದಲು ಇಷ್ಟು ಬೆಳ್ಳಗಾಗಿದೆ ಎಂಬುದೂ ಅವನಿಗೆ ಅಂದೇ ಕಂಡದ್ದು.

ಬೆಳಗಾಗುತ್ತಲೇ ಅವನು ಅವಳ ಮುಖ ನೋಡಿದ. ಎಡಗೆನ್ನೆ ಕುಂಬಳಕಾಯಿಯಂತೆ ಉಬ್ಬಿ, ಊತ ಕಣ್ಣಿನವರೆಗೂ ಹತ್ತಿತ್ತು. ಕಣ್ಣು ಗೆರೆಯಷ್ಟೇ ತೆರೆದಿತ್ತು. ಮೇಲ್ದುಟಿ ಒಂದು ಪಕ್ಕಕ್ಕೆ ವಾಲಿತ್ತು. ಇಂಪ್ಲಾಂಟ್ ಕಿತ್ತು ಬಂದೇಬಿಟ್ಟಿತು, ಏಳು ವರ್ಷದ ಮೇಲೆ ಅವಳಿಗೆ ಬಂದ ಹಲ್ಲಿನ ಭಾಗ್ಯವನ್ನು ತಾನೇ ಹಾಳುಮಾಡಿದೆ ಎಂದೇ ಅವನಿಗೆ ಅನಿಸಿತು. ಚೀಟಿಯನ್ನು ಮತ್ತೆ ಬಿಡಿಸಿ ಈ ಸಲ ಮೇಲಿಂದ ಓದಿದ. ಮೊದಲ ಎರಡು ದಿನ ಮಂಜುಗಡ್ಡೆ ಮಾತ್ರ. ಶಾಖದ ಸಾಲಿನ ಮೇಲೆ, ದಪ್ಪ ಅಕ್ಷರದಲ್ಲಿ, ಮೂರನೆಯ ದಿನದಿಂದ ಎಂದಿತ್ತು.

ಶಾಲೆಗೆ ಹೋಗುವ ದಾರಿಯಲ್ಲಿ ಅಮ್ಮನನ್ನು ನೋಡಿಹೋಗಲು ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಶಾಲೆಗೆ ಬರುವುದಿಲ್ಲವೆಂದು ಫೋನು ಮಾಡಿ, ಒಂದೇ ಉಸಿರಿಗೆ ಇಬ್ಬರನ್ನೂ ಕ್ಲಿನಿಕ್ಕಿಗೆ ಹೊರಡಿಸಿದಳು.

ಡಾಕ್ಟರು ಐವತ್ತು ದಾಟಿದ, ಮಾತು ತೂಗಿ ಆಡುವ ಹೆಂಗಸು. ಕೈಗವಸು ತೊಟ್ಟು ಹೊಲಿಗೆ ನೋಡಿದರು, ಜ್ವರ ನೋಡಿದರು, ಸಣ್ಣದೊಂದು ಎಕ್ಸ್‌ರೇ ತೆಗೆಸಿದರು. ಇಂಪ್ಲಾಂಟ್ ಕೂರಿಸಿದ ಜಾಗದಲ್ಲೇ ಇವೆ, ಕೀವಿಲ್ಲ, ಜ್ವರವಿಲ್ಲ ಎಂದರು. ಊತ ಎರಡನೇ ಮೂರನೇ ದಿನ ಹೆಚ್ಚಾಗುವುದು ಸಹಜ, ಆದರೆ ಇದು ಒಂದು ರಾತ್ರಿಗೆ ಅತಿಯಾಯಿತು. ಶಾಖ ಏನಾದರೂ ಕೊಟ್ಟಿರಾ ಎಂದು ಕೇಳಿದರು.

ಮಗಳು ಅಪ್ಪನತ್ತ ತಿರುಗಿದಳು. ಅಷ್ಟರಲ್ಲಿ ಹೆಂಡತಿ ನೋಟ್‌ಬುಕ್ ಎಳೆದುಕೊಂಡು ಬರೆದು ಡಾಕ್ಟರ ಮುಂದೆ ಹಿಡಿದಳು. ತಣ್ಣಗಿನದನ್ನು ತಡೆಯಲಾಗದೆ ತಾನೇ ಶಾಖ ಕೊಟ್ಟುಕೊಂಡೆ ಎಂದು ಅದರಲ್ಲಿತ್ತು. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು.

ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು. ಗರಿಗರಿಯ ಕಾಲು ಅಭ್ಯಾಸಬಲದಿಂದ ಆ ಕಡೆಗೆ ತಿರುಗಿಯೂ ಆಗಿತ್ತು. ಹೆಂಡತಿ ಅವನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗಿದೆ, ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಆದರೆ ಆ ಮುಚ್ಚಿಹೋದ ಕಣ್ಣನ್ನು ನೋಡುತ್ತ ಸುಮ್ಮನಿರುವುದು ಅವನಿಂದಾಗಲಿಲ್ಲ.

"ಅವಳಲ್ಲ ಡಾಕ್ಟ್ರೇ, ನಾನು. ಅವಳು ನಿದ್ದೇಲಿದ್ಲು. ಚೀಟೀಲಿ ಶಾಖ ಅಂತ ಇದ್ದಿದ್ದಷ್ಟೇ ನೋಡ್ದೆ. ಯಾವತ್ತಿಂದ ಅಂತ ನೋಡ್ಲಿಲ್ಲ."

ಡಾಕ್ಟರು ಬೈಯಲಿಲ್ಲ. ಹೋದ ತಿಂಗಳು ಒಬ್ಬರು ಕೂದಲು ಒಣಗಿಸುವ ಯಂತ್ರವನ್ನೇ ಕೆನ್ನೆಗೆ ಹಿಡಿದುಕೊಂಡು ಬಂದಿದ್ದರು ಎಂದಷ್ಟೇ ಹೇಳಿದರು. ನಾಳೆ ಮಧ್ಯಾಹ್ನದವರೆಗೆ ಇಪ್ಪತ್ತು ನಿಮಿಷ ಮಂಜುಗಡ್ಡೆ, ಇಪ್ಪತ್ತು ನಿಮಿಷ ಬಿಡುವು. ಮಲಗುವಾಗ ದಿಂಬು ತೆಗೆಯಬಾರದು, ಗುಳಿಗೆ ತಪ್ಪಬಾರದು. ನಾಲ್ಕನೇ ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರವೋ ಕೀವೋ ಕಂಡರೆ, ಕೂಡಲೇ ಫೋನು ಮಾಡಬೇಕು. ಇದೊಂದು ವಾರದಲ್ಲಿ ಇಳಿದುಹೋಗುತ್ತದೆ ಎಂದು ಹೆಂಡತಿಯ ಭುಜ ತಟ್ಟಿದರು.

ಹೊರಗೆ ಬಂದ ಮೇಲೆ ಮಗಳು ಅಮ್ಮನನ್ನು ತಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳ ದನಿಯಲ್ಲಿ ಟೀಚರಮ್ಮ ಇರಲಿಲ್ಲ, ಬರೀ ಸುಸ್ತಿತ್ತು. ಹೆಂಡತಿ ತಲೆಯಾಡಿಸುವ ಮೊದಲೇ ಗರಿಗರಿ ಬಾಯಿ ಹಾಕಿದ.

"ಕರ್ಕೊಂಡು ಹೋಗಮ್ಮ. ನನ್ನ ಕೈಲಿ ಆಗ್ಲಿಲ್ಲ."

ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತ.

ಮನೆಗೆ ಬಂದು ಮಗಳು ಒಳಕೋಣೆಯಲ್ಲಿ ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು. ಬೇರೆ ದಿನವಾಗಿದ್ದರೆ ಗರಿಗರಿ ಆ ತುರುಕುವಿಕೆಯನ್ನು ಸಹಿಸುತ್ತಿರಲಿಲ್ಲ. ಈಗ ಮಂಜುಗಡ್ಡೆ ಒಡೆದು ಟವೆಲಿನಲ್ಲಿ ಸುತ್ತಿ ತಂದು ಹೆಂಡತಿಯ ಕೆನ್ನೆಗೆ ಹಿಡಿದ. ಮಗಳು ಕರೆಸಿದ್ದ ಬಾಡಿಗೆ ಕಾರು ಬರುವವರೆಗೆ ಎಷ್ಟಾದರೆ ಅಷ್ಟು. ಯಾಕೆ ಸುಳ್ಳು ಬರೆದೆ ಎಂದು ಮೆಲ್ಲಗೆ ಕೇಳಿದ. ಅವಳು ತೊಡೆಯ ಮೇಲಿನ ನೋಟ್‌ಬುಕ್ ಬಿಡಿಸಿ ಬರೆದಳು.

ನಾನು ನಿದ್ದೆಯಲ್ಲಿರಲಿಲ್ಲ.

ಅವನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಬರೆದಳು. ಇಂಥದೇ ಚೀಟಿಯನ್ನು ಹೋದ ವಾರ ಹೋದಾಗಲೇ ನನಗೂ ಕೊಟ್ಟಿದ್ದರು. ಓದಿದ್ದೆ. ಶಾಖ ಕೂಡದು ಅಂತ ಗೊತ್ತಿತ್ತು.

"ಮತ್ತೆ ಒಂದು ಮಾತು ಹೇಳೋದಲ್ವಾ? ಹೀಗಲ್ಲ, ತಪ್ಪು ಅಂತ."

ಅವಳು ಒಂದೇ ಸಾಲು ಬರೆದು, ಪುಟವನ್ನು ಅವನ ಕಡೆ ತಿರುಗಿಸಿದಳು.

ಹೇಳಿದ್ದರೆ ನೀವು ಎದ್ದು ಹೋಗ್ತಿದ್ರಿ.

ಗರಿಗರಿ ಅದನ್ನು ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಕಣ್ಣು ಮಂಜಾಗಿ ಮೂರನೆಯ ಸಲ ಅಕ್ಷರ ಕಾಣಿಸಲಿಲ್ಲ. ಇಪ್ಪತ್ತಾರು ವರ್ಷ ಎಷ್ಟು ಸಲ, ಎಷ್ಟು ಸಣ್ಣ ಮಾತಿಗೆಲ್ಲ ಎದ್ದು ಹೋಗಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ, ನಾಚಿಕೆಯಾಗಿ, ಅಲ್ಲಿಗೇ ಬಿಟ್ಟ. ಒಂದೂವರೆ ಗಂಟೆ ತಾನು ಪಕ್ಕದಲ್ಲಿ ಕೂತಿರಲಿ ಎಂದು ಇವಳು ಇಷ್ಟು ನೋವು ತಿಂದಳಲ್ಲ ಎಂದುಕೊಳ್ಳುತ್ತ ಟವೆಲನ್ನು ಅವಳ ಕೆನ್ನೆಗೆ ಇನ್ನಷ್ಟು ಮೆತ್ತಗೆ ಆನಿಸಿದ.

ಮಗಳು ಚೀಲ ಹಿಡಿದು ಬಂದಳು. ಕಾರು ಬಂದಿದೆ, ಏಳಿ ಎಂದಳು.

"ಇನ್ನೂ ಹದಿನಾಲ್ಕು ನಿಮಿಷ ಇದೆ" ಎಂದ ಗರಿಗರಿ. ತಲೆ ಎತ್ತಲಿಲ್ಲ.

ಹೆಂಡತಿ ಟವೆಲಿನ ಮೇಲಿದ್ದ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಮಗಳ ಕಣ್ಣು ತೆರೆದಿದ್ದ ನೋಟ್‌ಬುಕ್ಕಿನ ಮೇಲೆ ಬಿತ್ತು. ಓದಿದಳು. ಆಮೇಲೆ ಇಬ್ಬರನ್ನೂ ಒಮ್ಮೆ ನೋಡಿ, ಚೀಲವನ್ನು ಗೋಡೆಯ ಪಕ್ಕಕ್ಕೆ ಇಟ್ಟು, ಕಾರನ್ನು ಹಿಂದಕ್ಕೆ ಕಳಿಸಲು ಹೊರಗೆ ಹೋದಳು.

ಮಂಜುಗಡ್ಡೆ ಹಿಡಿದ ಬೆರಳುಗಳು ಮರಗಟ್ಟಿದ್ದವು. ಗರಿಗರಿ ಕೈ ಬದಲಾಯಿಸಿದ, ಕೂತಲ್ಲಿಂದ ಏಳಲಿಲ್ಲ.