ಎರವಲು ಕೊಕ್ಕು

ನೆಂಟರೆಲ್ಲ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಪಂಪಾಪತಿಯನ್ನು ಮಣ್ಣು ಮಾಡಿದ ಮೇಲೆ ಬಂದ ಮೊದಲ ಸಾಧಾರಣ ಬೆಳಗು ಅದು. ಯಾರೂ ಅಳಲಿಲ್ಲ. ಅವನ ತಾಯಿ ದೊಡ್ಡಬಸಮ್ಮ ಅಂಗಳ ಗುಡಿಸಿದಳು. ಹೆಂಡತಿ ನೀಲಾ ಕೊಟ್ಟಿಗೆಗೆ ಬಂದು ನನ್ನೊಳಗೆ ಬಗ್ಗಿ ನೋಡಿದಳು. ಕೋಳಿಯೊಂದು ನನ್ನ ಹೊಟ್ಟೆಯಲ್ಲಿ ಮೊಟ್ಟೆ ಇಟ್ಟು ಕೂತಿತ್ತು. ಅದನ್ನು ದಿನವೂ ಓಡಿಸುತ್ತಿದ್ದವನು ಪಂಪಾಪತಿ. ನೀಲಾ ಓಡಿಸಲಿಲ್ಲ. ಮೊಟ್ಟೆಗಳನ್ನೂ ತೆಗೆಯಲಿಲ್ಲ. ಬಾಗಿಲು ಮುಂದೆ ಮಾಡಿ ಹೋದಳು.

ನಾನು ಒಂದು ಹಳೆಯ ಯಂತ್ರ. ಹೊಲದಲ್ಲಿ ಬಿದ್ದ ಹುಲ್ಲನ್ನು ಎತ್ತಿ, ಒತ್ತಿ, ಚೌಕನೆಯ ಪೆಂಡಿ ಮಾಡಿ ದಾರ ಬಿಗಿಯುತ್ತೇನೆ. ಪ್ರತಿ ಪೆಂಡಿಗೆ ಎರಡು ದಾರ, ಎರಡು ಗಂಟು. ಗಂಟು ಹಾಕಲು ನನ್ನ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕೊಕ್ಕುಗಳಿವೆ. ಅವುಗಳಲ್ಲಿ ಎಡಗಡೆಯದು ನನ್ನದಲ್ಲ. ಪಂಪಾಪತಿ ಎರವಲು ತಂದದ್ದು. ಅದು ಹೋದರೆ ನನ್ನ ಕೆಲಸವೂ ಹೋಯಿತು. ಈ ಸಂಗತಿ ಅವನಿಗೆ ಗೊತ್ತಿತ್ತು, ಅದನ್ನು ಕೊಟ್ಟ ಪಕ್ಕದ ಊರಿನ ಹುಸೇನಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನೀಲಾಳಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿ ಇದೆ, ಮಾತಿಲ್ಲ.

ನಾನು ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ನಮ್ಮೆಲ್ಲರ ಮೈಯೂ ಒಂದೇ ಅಚ್ಚು. ಬೇರೆ ಬೇರೆ ಆಗುತ್ತಿದ್ದುದು ಕೊನೆಯ ಕೋಣೆಯಲ್ಲಿ, ಕೊಳ್ಳುವವರು ಕೇಳಿದಂತೆ. ಒಬ್ಬಳಿಗೆ ದಾರದ ಬದಲು ತಂತಿ. ಒಬ್ಬಳಿಗೆ ಪೆಂಡಿಯನ್ನು ಹಿಂದಿನ ಗಾಡಿಗೆ ಎಸೆಯುವ ಕೈ. ಒಬ್ಬಳಿಗೆ ಬೆನ್ನ ಮೇಲೆ ಸ್ವಂತ ಎಂಜಿನ್ನು, ಕೆಳಗೆ ಅಗಲ ಗಾಲಿ. ನನಗೆ ಇದಾವುದೂ ಇಲ್ಲ. ಟ್ರ್ಯಾಕ್ಟರಿನ ತಿರುಗುವ ದಂಡ ಬಂದು ನನಗೆ ಸೇರಿದರೆ ಮಾತ್ರ ನನ್ನಲ್ಲಿ ಜೀವ. ಏನು ಬೇಕೆಂದು ನಮ್ಮನ್ನು ಯಾರೂ ಕೇಳಲಿಲ್ಲ.

ಮೂವರು ಹಡಗು ಹತ್ತಿ ಒಂದು ದನದ ಫಾರಮ್ಮಿಗೆ ಬಂದೆವು. ನಾನು, ಎಂಜಿನ್ನಿನ ಅಕ್ಕ, ತಂತಿಯ ಅಕ್ಕ. ತಂತಿಯ ಅಕ್ಕನ ಪೆಂಡಿ ಕಲ್ಲಿನಷ್ಟು ಬಿಗಿ. ಸಾಹೇಬರು ಬಂದವರಿಗೆಲ್ಲ ಅವಳನ್ನೇ ತೋರಿಸುತ್ತಿದ್ದರು. ಆದರೆ ಪೆಂಡಿ ಬಿಚ್ಚುವಾಗ ಮುರಿದ ತಂತಿಯ ಚೂರು ಹುಲ್ಲಿನ ಜೊತೆ ದನಗಳ ಹೊಟ್ಟೆಗೆ ಹೋಯಿತು. ಬಿಳಿಯ ಹಸುವೊಂದು ಮೇವು ಬಿಟ್ಟು ನಿಂತಲ್ಲೇ ಸೊರಗಿ ಸತ್ತಿತು. ಅಕ್ಕನನ್ನು ಗುಜರಿಗೆ ಕಳಿಸಿದರು. ತಂತಿಯನ್ನು ಆರಿಸಿದ್ದು ಅವಳಲ್ಲ. ಆರಿಸಿದವರಿಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೇ.

ಫಾರಮ್ಮು ಮುಚ್ಚಿದಾಗ ನಮ್ಮಿಬ್ಬರನ್ನು ಹರಾಜು ಹಾಕಿದರು. ಗಂಗಾವತಿಯ ಕಡೆಯ ಕಾಲುವೆ ಸೀಮೆಗೆ ಬಂದೆವು. ನಾನು ಪಂಪಾಪತಿಯ ಅಪ್ಪನ ಮನೆಗೆ, ಎಂಜಿನ್ನಿನ ಅಕ್ಕ ಪಕ್ಕದ ಊರಿನ ಹುಸೇನಪ್ಪನ ಮನೆಗೆ. ಭತ್ತ ಕೊಯ್ಲಾದ ಮೇಲೆ ಈ ಸೀಮೆಯಲ್ಲಿ ಬಹಳ ಜನ ಹುಲ್ಲಿಗೆ ಬೆಂಕಿ ಇಡುತ್ತಾರೆ. ನಾವು ಹೋದ ಹೊಲಗಳಲ್ಲಿ ಹೊಗೆ ಏಳುತ್ತಿರಲಿಲ್ಲ.

ಅಪ್ಪನ ಕೈಯಿಂದ ಪಂಪಾಪತಿಯ ಕೈಗೆ ಬಂದೆ. ಅವನು ಪ್ರತಿ ಸುಗ್ಗಿಗೆ ನನ್ನ ಮೈಮೇಲಿನ ಇಂಗ್ಲಿಷ್ ಫಲಕಕ್ಕೆ ಕುಂಕುಮ ಹಚ್ಚುತ್ತಿದ್ದ. ಧಾರವಾಡದಲ್ಲಿ ಎಂ.ಎ. ಓದಿ ಮದುವೆಯಾಗಿ ಬಂದ ನೀಲಾ ಒಂದು ದಿನ ಅದನ್ನು ಒರೆಸಿ ಓದಿದಳು.

"ಏನಂತ ಬರದಾರ? ದೇವರ ಹೆಸರೇನು?" ಎಂದ.

"ಒಳಗ ಕೈ ಹಾಕಬ್ಯಾಡ್ರಿ ಅಂತ ಬರದಾರ. ನೀವು ಅದಕ್ಕ ಪೂಜಿ ಮಾಡೀರಿ."

"ಅದಕ್ಕ ನೋಡು, ನಮ್ಮ ಮನ್ಯಾಗ ಎಲ್ಲಾರ ಕೈನೂ ನೆಟ್ಟಗ ಉಳದಾವು!"

ನಕ್ಕು ನಕ್ಕು ಅವಳು ನನಗೇ ಒರಗಿ ನಿಂತಿದ್ದಳು.

ಈ ಬೇಸಿಗೆಯ ಸುಗ್ಗಿಯ ಮೊದಲಲ್ಲೇ ನನ್ನ ಎಡಗಡೆಯ ಕೊಕ್ಕು ಮುರಿಯಿತು. ನಮ್ಮ ಕಾರ್ಖಾನೆ ಎಂದೋ ಮುಚ್ಚಿದೆ. ಬೆಸುಗೆ ಹಾಕಿಸಿದರೆ ಗಂಟು ಜಾರುತ್ತದೆ. ಹುಸೇನಪ್ಪನ ಭತ್ತ ಇನ್ನೂ ಹಸಿರಿತ್ತು. ಅವನು ಅಕ್ಕನ ಎಡಗಡೆಯ ಕೊಕ್ಕು ಬಿಚ್ಚಿಕೊಂಡು ಬಂದು ಪಂಪಾಪತಿಯ ಕೈಯಲ್ಲಿಟ್ಟ. "ಮೊದಲ ನಿಂದು ಮುಗಿಸು. ನನ್ನ ಸುಗ್ಗಿಗೆ ತಂದು ಕೊಡು" ಎಂದ. "ಕೊಡ್ತೀನಿ" ಎಂದ ಪಂಪಾಪತಿ. ಅರ್ಧ ಹುಲ್ಲು ಕಟ್ಟಿದ್ದೆವು. ದಾರದ ಉಂಡೆ ತರಲು ಹೋದ ಪಂಪಾಪತಿಯ ಬೈಕಿಗೆ ಕಾಲುವೆ ರಸ್ತೆಯಲ್ಲಿ ಲಾರಿ ಬಡಿಯಿತು.

ಆ ಸಾಧಾರಣ ದಿನದ ಮಧ್ಯಾಹ್ನ ಹುಸೇನಪ್ಪ ಬಂದ. ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನನ್ನ ಹತ್ತಿರ ನಿಂತು ತನ್ನ ಕೊಕ್ಕನ್ನು ಮುಟ್ಟಿದ. ಈಗ ಕೇಳುತ್ತಾನೆ ಎಂದುಕೊಂಡೆ. ಹಿಂದಿನಿಂದ ದೊಡ್ಡಬಸಮ್ಮನ ದನಿ ಬಂತು.

"ಅದನ್ನ ಗುಜರಿಗೆ ಹಾಕಿಸಿಬಿಡೋ ಹುಸೇನಪ್ಪ. ನನಗ ನೋಡಾಕ ಆಗವಲ್ದು."

"ಹೊಲದಾಗ ಹುಲ್ಲು ಬಿದ್ದೈತಿ ಯವ್ವಾ. ಮಳಿ ಬಂದ್ರ ಕೊಳೀತೈತಿ. ದನ ಏನು ತಿನ್ನಬೇಕು? ಅದೊಂದು ಮುಗಸೋಣ."

ಅವನು ನಮ್ಮ ಟ್ರ್ಯಾಕ್ಟರ್ ನಡೆಸಿದ. ದಾರ ನೋಡಿಕೊಳ್ಳಲು ನೀಲಾ ಬಂದಳು. ಸೂಜಿಯಲ್ಲಿ ದಾರ ಪೋಣಿಸುವುದು, ಪೆಂಡಿಯ ಉದ್ದ ಹೆಚ್ಚು ಕಡಿಮೆ ಮಾಡುವುದು, ಕೊಕ್ಕುಗಳಿಗೆ ಎಣ್ಣೆ ಬಿಡುವುದು ಎಲ್ಲವನ್ನೂ ಅವನು ಕಲಿಸಿದ. ಅವಳು ತಲೆ ಬಗ್ಗಿಸಿ ದಾರ ನೋಡುತ್ತಿದ್ದಳು. ಗಂಟು ಬಿದ್ದಾಗ ನನ್ನಿಂದ ಬರುವ ಟಕ್ ಎಂಬ ಸದ್ದಿಗೆ ಮಾತ್ರ ತಲೆಯೆತ್ತುತ್ತಿದ್ದಳು. ಕೆಲಸದ ಕೊನೆಯ ದಿನ ತನ್ನಷ್ಟಕ್ಕೇ ಹೇಳಿಕೊಂಡಳು, "ಇದು ನಡದ್ರ ಅವರು ಹೊಲದಾಗ ಅದಾರ ಅನಿಸ್ತೈತಿ." ಹುಸೇನಪ್ಪ ಕೇಳಿಸಿಕೊಂಡ. ಕೊಕ್ಕು ಕೇಳಬೇಕೆಂದಿದ್ದವನು ಟ್ರ್ಯಾಕ್ಟರಿನತ್ತ ತಿರುಗಿದ. ಅಷ್ಟರಲ್ಲಿ ಅವನ ಭತ್ತವೂ ಕೊಯ್ಲಾಗಿ, ಹುಲ್ಲು ಹೊಲದಲ್ಲಿ ಬಿದ್ದಿತ್ತು.

ಆದರೆ ಈ ಸೀಮೆಯಲ್ಲಿ ಒಬ್ಬರು ಬಂದು ದುಡಿದರೆ ಅವರ ಹೊಲಕ್ಕೆ ಹೋಗಿ ದುಡಿದು ಮುಯ್ಯಿ ತೀರಿಸಬೇಕು. "ನಾಳೆ ನಿಮ್ಮ ಹೊಲಕ್ಕ ಹೋಗೋಣ" ಎಂದಳು ನೀಲಾ.

"ಬ್ಯಾಡ ತಂಗಿ. ನಮ್ಮದು ಕಾಲವಿ ಬುಡದ ಜವಳು ಭೂಮಿ, ಟ್ರ್ಯಾಕ್ಟರ್ ಹೂತು ಹೋಗ್ತೈತಿ."

"ನೀವು ಬಂದೀರಿ. ನಾ ಬರಬಾರದೇನು?"

ಹೋದೆವು. ಬದು ಇಳಿದ ಕೂಡಲೇ ಟ್ರ್ಯಾಕ್ಟರಿನ ಹಿಂದಿನ ಗಾಲಿ ಕೆಸರಿನಲ್ಲಿ ಹೂತಿತು. ಎತ್ತು ಕಟ್ಟಿ ಎಳೆಸಿ ಮತ್ತೆ ಬದುವಿಗೆ ತಂದರು. ಮುಂದೆ ಒಣಗಿದ ಹುಲ್ಲು ಸಾಲುಸಾಲಾಗಿ ಬಿದ್ದಿತ್ತು. ಮೂಡಣದಲ್ಲಿ ಮೋಡ ಕಟ್ಟಿತ್ತು. ಟ್ರ್ಯಾಕ್ಟರ್ ಇಳಿಯದ ಕಡೆ ನಾನು ಬರೀ ಕಬ್ಬಿಣ.

"ನಿಮ್ಮ ಮಷಿನ್ನಿಗೆ ಎಂಜಿನ್ನು ಐತಲ್ಲ. ಎತ್ತು ಕಟ್ಟಿದ್ರ ನಡೀತೈತಿ" ಎಂದಳು ನೀಲಾ. "ಯಾಕ ತಗೀವಲ್ರಿ?"

"ಅದಕ್ಕ ಹಲ್ಲುಬ್ಯಾನಿ" ಎಂದು ಹುಸೇನಪ್ಪ ಮಾತು ತೇಲಿಸಿದ.

"ಎಣ್ಣಿ ಬಿಟ್ಟು ನೋಡ್ತೀನಿ ತಡೀರಿ."

ಬದುವಿನ ಮೇಲೇ ಅವನ ತಗಡಿನ ಗುಡಿಸಲು. ಒಳಗೆ ಅಕ್ಕ ನಿಂತಿದ್ದಳು. ಹರಾಜಿನ ದಿನದಿಂದ ಈಚೆಗೆ ಅವಳನ್ನು ನೋಡಿದ್ದು ಅದೇ ಮೊದಲು. ನೀಲಾ ಎಣ್ಣೆಯ ಡಬ್ಬಿ ಹಿಡಿದು, ನನಗೆ ಮಾಡುವಂತೆಯೇ ಬಲಗಡೆಯ ಕೊಕ್ಕಿಗೆ ಹನಿ ಬಿಟ್ಟಳು. ಎಡಕ್ಕೆ ಬಂದಳು. ಎಣ್ಣೆ ನೇರ ನೆಲಕ್ಕೆ ಬಿತ್ತು.

ಅವಳು ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು. ಹೊರಗೆ ಬಂದು ನನ್ನ ಎಡಗಡೆ ನೋಡಿದಳು. ಎರಡು ವಾರ ಆ ಕೊಕ್ಕನ್ನು ಒರೆಸಿದ್ದಳು. ಅದರ ಆಕಾರ ಅವಳ ಕೈಗೆ ಗೊತ್ತಿತ್ತು, ಆ ಖಾಲಿ ಜಾಗಕ್ಕೆ ಅದೇ ಸರಿಹೊಂದುತ್ತಿತ್ತು.

"ಕೇಳಬೇಕಿತ್ತು ನೀವು."

"ಸಾವಾಗಿ ಹನ್ನೊಂದು ದಿನಾನೂ ಆಗದ ಮನಿಗೆ ಹೋಗಿ ಸಾಮಾನು ಕೇಳ್ಲೇನವ್ವ?" ಹುಸೇನಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಆಮ್ಯಾಲ ನೀ ಆ ಮಾತು ಅಂದಿ. ಬಾಯಿ ಬರಲಿಲ್ಲ ನನಗ."

"ಪಾನಾ ಕೊಡ್ರಿ, ಬಿಚ್ಚಿ ಕೊಡ್ತೀನಿ."

"ಬಿಚ್ಚಿದ್ರ ನಿಂದು ನಿಂತು ಹೋಗ್ತೈತಿ. ಇನ್ನೊಂದು ಎಲ್ಲೂ ಸಿಗಂಗಿಲ್ಲ. ನನ್ನ ಹುಲ್ಲು ಹ್ವಾದ್ರ ಹೋಗ್ಲಿ ಬಿಡು. ಎಮ್ಮಿ ಮಾರಿದ್ರಾತು."

"ತಂದು ಕೊಡ್ತೀನಿ ಅಂದಿರಬೇಕಲ್ಲ ಅವರು?"

ಹುಸೇನಪ್ಪ ಗುಡಿಸಲೊಳಗೆ ಹೋದ. ಪಾನಾ ತಂದು ಕೊಟ್ಟ.

ಬೋಲ್ಟು ಬಿಗಿಯಾಗಿತ್ತು. ಬಿಗಿದದ್ದು ಪಂಪಾಪತಿ. ಅವಳು ಎರಡೂ ಕೈ ಹಾಕಿ ಒತ್ತಿದಳು. ಹಿಡಿದುಕೊಳ್ಳೋಣ ಎಂದು ನನಗೆ ಅನಿಸಿದ್ದು ನಿಜ. ಆದರೆ ನನ್ನ ಕೈಯಲ್ಲಿ ಅದೂ ಇರಲಿಲ್ಲ. ಇನ್ನು ನಾನು ಕಟ್ಟಿದ್ದಕ್ಕೆ ಒಂದೇ ಗಂಟು. ಒಂದು ಗಂಟಿನ ಪೆಂಡಿಯನ್ನು ಎತ್ತಿದರೆ ನಡುವಿನಲ್ಲಿ ಬಾಗಿ ಚೆಲ್ಲಿ ಹೋಗುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ. ದೊಡ್ಡಬಸಮ್ಮ ಹೇಳಿದ ಗುಜರಿ ಇರಬಹುದು, ಕೊಟ್ಟಿಗೆಯ ಮೂಲೆ ಇರಬಹುದು. ಎಂಜಿನ್ನೋ ದಾರವೋ ತಂತಿಯೋ ಎಂದು ಹುಟ್ಟುವಾಗ ಯಾರೋ ಆರಿಸಿದ್ದರು. ನಿಲ್ಲುವುದನ್ನೂ ನನ್ನ ಪರವಾಗಿ ಬೇರೆಯವರೇ ಆರಿಸಿದರು. ಆರಿಸಿದವಳು ಇವಳು ಎಂಬುದಷ್ಟೇ ನನಗೆ ಸಮಾಧಾನ.

ಬೋಲ್ಟು ಸಡಿಲಿತು. ನೀಲಾ ಕೊಕ್ಕನ್ನು ಸೆರಗಿನಿಂದ ಒರೆಸಿದಳು, ಸಂದಿಯಲ್ಲಿ ಸಿಕ್ಕಿದ್ದ ದಾರದ ಎಳೆಯನ್ನೂ ಬಿಡಿಸಿದಳು. ಹುಸೇನಪ್ಪ ಎರಡೂ ಅಂಗೈ ಚಾಚಿದ. ಅವಳು ಅದನ್ನು ಅಲ್ಲಿಟ್ಟಳು.

"ನಮ್ಮವರು ಕೊಟ್ಟು ಬಾ ಅಂದಾರ" ಎಂದಳು.